ಹೂಡೆಯಲ್ಲಿ ಈಜು ಕಲಿತ ಪ್ರಧಾನಿ

ದಸರಾ ರಜೆ ಹತ್ತಿರವಾದಾಗ ಮಣಿಪಾಲದಿಂದ ನನ್ನ ಗೆಳತಿಯ ಫೋನು ಬಂತು. ಅವಳು ಅಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ನಾನು ಕಾರ್ಕಳದ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. "ರಜೆಯಲ್ಲಿ ಎಂತ ಮಾಡ್ತಿ?" ಎಂದು ಕೇಳಿದಳು. ಕುಕ್ಕುಂದೂರಿನ ನಮ್ಮ ಮನೆಯ ಅಟ್ಟ ಗುಡಿಸಿ ಸ್ವಚ್ಛ ಮಾಡುವ ಯೋಚನೆ ಉಂಟು ಎಂದೆ.

"ಅಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ತಿ. ಒಂದು ವಾರ ನನಗೆ ಕೊಡು" ಎಂದಳು.

ವಿಷಯ ಹೀಗಿತ್ತು. ಸಾಗರದ ನಡುವಿನ ಒಂದು ಪುಟ್ಟ ದ್ವೀಪ ದೇಶ. ಆ ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟು ಮೊದಲ ಪ್ರಧಾನಿಯಾದ ನಾಯಕರು ಹರೆಯದಲ್ಲಿ ಕೆಲವು ವರ್ಷ ಮಣಿಪಾಲದಲ್ಲಿ ವೈದ್ಯಕೀಯ ಓದಿದ್ದರು. ಓದು ಮುಗಿಸುವ ಮೊದಲೇ ಊರಿನ ಚಳವಳಿ ಕರೆದದ್ದರಿಂದ ಹೊರಟುಹೋಗಿದ್ದರು. ಈಗ ಆ ದೇಶದ ಶಿಕ್ಷಕರ ತರಬೇತಿ ಕಾಲೇಜಿನವರು ಇಲ್ಲಿಗೆ ಒಂದು ಪ್ರವಾಸ ವಿಚಾರ ಸಂಕಿರಣ ಏರ್ಪಡಿಸಿದ್ದರು. ಹಗಲು ನಾಯಕರು ಓಡಾಡಿದ ಜಾಗಗಳನ್ನು ನೋಡುವುದು, ಸಂಜೆ ಅದರ ಬಗ್ಗೆ ಮಾತಾಡುವುದು. ವಿಷಯ: ನಮ್ಮ ನಾಯಕರ ಪರದೇಶದ ವರ್ಷಗಳು. ಆ ಪರದೇಶವೆಂದರೆ ನಾವೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರಿಗೆ ಇಂಗ್ಲಿಷ್, ಕನ್ನಡ, ತುಳು ಮೂರೂ ಬರುವ ದುಭಾಷಿ ಬೇಕಿತ್ತು. ಒಪ್ಪಿಕೊಂಡೆ.

ತಂಡದಲ್ಲಿ ಹದಿನೈದಿಪ್ಪತ್ತು ಮಂದಿ ಇದ್ದರು. ಮುಖ್ಯಸ್ಥೆ ಅರವತ್ತರ ಆಸುಪಾಸಿನ ಪ್ರೊಫೆಸರ್. ಗಿಡ್ಡ ಆಳು, ಅಗಲ ಅಂಚಿನ ಟೋಪಿ, ಕೊರಳಲ್ಲಿ ಸೀಟಿ. ಆ ಸೀಟಿ ಊದಿದರೆ ಎಲ್ಲರೂ ವ್ಯಾನ್ ಹತ್ತಬೇಕು, ಇನ್ನೊಮ್ಮೆ ಊದಿದರೆ ಇಳಿಯಬೇಕು. ತಂಡದಲ್ಲಿ ತೀರಾ ಕಿರಿಯವಳು ಹತ್ತೊಂಬತ್ತರ ಒಬ್ಬ ವಿದ್ಯಾರ್ಥಿನಿ. ಸಪೂರ ಹುಡುಗಿ, ಮಾತು ಕಡಿಮೆ, ಯಾವಾಗಲೂ ಕಿಟಕಿಯ ಸೀಟು. ಎಲ್ಲರ ಹೆಗಲಲ್ಲೂ ಒಂದೇ ಬಗೆಯ ಬಟ್ಟೆಯ ಚೀಲ, ಅದರ ಮೇಲೆ ಅವರ ನಾಯಕರ ಹರೆಯದ ಮುಖ. ದಪ್ಪ ಹುಬ್ಬು, ಎಡಕ್ಕೆ ಬಾಚಿದ ಗುಂಗುರು ಕೂದಲು, ನಕ್ಕರೂ ನಗದಂಥ ತುಟಿ.

ವ್ಯಾನಿನ ಚಾಲಕ ಬಾಗಲಕೋಟೆ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದು, ಆಮೇಲೆ ಡ್ರೈವಿಂಗ್ ಕಲಿತು, ಹೆಂಡತಿ ಮಕ್ಕಳೊಂದಿಗೆ ಇಲ್ಲಿಯೇ ನೆಲೆಸಿದವನು. ಮೊದಲ ದಿನವೇ ನನ್ನನ್ನು "ಅಕ್ಕಾರ" ಎಂದು ಕರೆಯತೊಡಗಿದ. ಆ ದಿನ ಪ್ರೊಫೆಸರ್ ನಮ್ಮನ್ನು ನಾಯಕರು ಬಾಡಿಗೆಗಿದ್ದ ಮನೆ ತೋರಿಸಲು ಕರೆದೊಯ್ದರು. ಮನೆ ಎಂದೋ ಹೋಗಿ, ಆ ಜಾಗದಲ್ಲಿ ಒಂದು ಕಾಂಪ್ಲೆಕ್ಸ್, ಅದರ ಕೆಳಗೆ ಬೈಕುಗಳ ಸಾಲು. ಪ್ರೊಫೆಸರ್ ಧೃತಿಗೆಡಲಿಲ್ಲ. ಬೈಕುಗಳ ನಡುವೆ ನಿಂತು ಎಣ್ಣೆದೀಪದ ಬೆಳಕಲ್ಲಿ ನಡೆದ ಓದಿನ ಕುರಿತು ದೀರ್ಘ ಭಾಷಣ ಮಾಡಿದರು.

ಚಾಲಕ ನನ್ನ ಹತ್ತಿರ ಬಂದು ಮೆಲ್ಲಗೆ, "ಏನ್ ಹೇಳಾಕತ್ತಾರ್ರೀ ಅಕ್ಕಾರ?" ಎಂದ.

"ಅವರ ಪ್ರಧಾನಿ ಇಲ್ಲಿ ಕೂತು ಓದ್ತಿದ್ರಂತೆ."

"ಪಾರ್ಕಿಂಗ್‌ನ್ಯಾಗ?" ಎಂದು ಅವನು ಗಂಭೀರವಾಗಿಯೇ ಕೇಳಿದ. ನಗು ತಡೆಯಲು ನಾನು ಕೆಮ್ಮಬೇಕಾಯಿತು.

ಮರುದಿನ ಕಾರ್ಕಳ. ಗುಡ್ಡದ ಮೇಲಿನ ಕಲ್ಲಿನ ಮೂರ್ತಿಯ ಪಾದದ ಬಳಿ ನಾಯಕರು ನಿಂತು ತೆಗೆಸಿಕೊಂಡ ಫೋಟೋ ಒಂದಿತ್ತಂತೆ. ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಪ್ರತಿಯೊಬ್ಬರೂ ನಿಂತು ಫೋಟೋ ತೆಗೆಸಿಕೊಂಡರು. ದಿನವೂ ಕಾಲೇಜಿಗೆ ಹೋಗುವಾಗ ಬಸ್ಸಿನಿಂದ ಕಾಣುವ ಆ ಗುಡ್ಡವನ್ನು ನಾನು ಹತ್ತಿ ಎಷ್ಟೋ ವರ್ಷವಾಗಿತ್ತು. ಕೆಳಗಿಳಿದು ನೆರಳಲ್ಲಿ ಕೂತಾಗ ಪ್ರೊಫೆಸರ್ ತಮ್ಮ ದೇಶದ ಪ್ರತಿ ಮಗುವಿಗೂ ಗೊತ್ತಿರುವ ಕತೆಯನ್ನು ನನಗೆ ಹೇಳಿದರು.

ಅವರದು ಎರಡು ತುಂಡಾದ ದೇಶ, ನಡುವೆ ಒಂದು ಕಡಲ್ಗಾಲುವೆ. ಚಳವಳಿಯ ಕಾಲದಲ್ಲಿ ಆಚೆ ದಡದಲ್ಲಿ ದೊಡ್ಡ ಸಭೆ ಸೇರಿತ್ತು. ನಾಯಕರು ಅಲ್ಲಿಗೆ ತಲುಪಬಾರದೆಂದು ಸರ್ಕಾರದವರು ದೋಣಿಗಳನ್ನೆಲ್ಲ ತಡೆದರು. ನಾಯಕರು ಬೆಳಗಿನ ಜಾವ ನೀರಿಗಿಳಿದು ಈಜಿಕೊಂಡೇ ದಾಟಿ, ಒದ್ದೆ ಬಟ್ಟೆಯಲ್ಲಿ ವೇದಿಕೆ ಹತ್ತಿ ಮಾತಾಡಿದರು. ಈಗಲೂ ವರ್ಷಕ್ಕೊಮ್ಮೆ ಆ ದಿನ ಶಾಲೆ ಕಾಲೇಜುಗಳ ಮಕ್ಕಳೆಲ್ಲ ನೀರಿಗಿಳಿಯುತ್ತಾರೆ.

"ಅವರು ನಡೆಯುವುದಕ್ಕಿಂತ ಮೊದಲೇ ಈಜಿದವರು. ಸಮುದ್ರದ ಮಗ!" ಎಂದು ಪ್ರೊಫೆಸರ್ ಎದೆಯುಬ್ಬಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಸಪೂರ ಹುಡುಗಿ ಮಾತ್ರ ಬಗ್ಗಿ ಬೂಟಿನ ಲೇಸು ಬಿಗಿದುಕೊಳ್ಳುತ್ತಿದ್ದಳು.

ಮೂರನೆಯ ದಿನ ಕಾಪು. ಅದು ನನ್ನ ತವರು. ದೀಪಸ್ತಂಭದಿಂದ ಕೂಗಳತೆಯ ದೂರದಲ್ಲಿ ಅಮ್ಮನ ಮನೆ. ಅಜ್ಜನ ಕಾಲದಿಂದ ದೋಣಿ, ಬಲೆ, ಮೀನು ಇವುಗಳಲ್ಲೇ ಬದುಕಿದ ಮನೆ ಅದು. ಈಗ ತಮ್ಮನದು ಮಲ್ಪೆಯಲ್ಲಿ ಬೋಟು. ತಂಡಕ್ಕೆ ಮನೆಯೂಟದ ಆಸೆ ಇದ್ದುದರಿಂದ ಮಧ್ಯಾಹ್ನಕ್ಕೆ ನಮ್ಮಲ್ಲಿಗೇ ಬನ್ನಿ ಎಂದಿದ್ದೆ. ಅಮ್ಮ, ತಮ್ಮನ ಹೆಂಡತಿ ಇಬ್ಬರೂ ಬೆಳಗ್ಗಿನಿಂದ ಅಡುಗೆಮನೆಯಲ್ಲೇ ಇದ್ದರು. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಕುಚ್ಚಲಕ್ಕಿ ಅನ್ನ, ನೀರುದೋಸೆ. ಪುಳಿಮುಂಚಿಯ ಖಾರಕ್ಕೆ ಅತಿಥಿಗಳ ಕಣ್ಣು ಮೂಗುಗಳಲ್ಲಿ ನೀರು ಸುರಿಯಿತು. ಆದರೆ ಒಬ್ಬರೂ ಬಟ್ಟಲು ಬಿಡಲಿಲ್ಲ. ಮನೆಯೂಟದಲ್ಲಿ ಪ್ರೊಫೆಸರರ ಸೀಟಿಗೆ ಕೆಲಸವಿರಲಿಲ್ಲ.

ಅಮ್ಮನಿಗೆ ಎಪ್ಪತ್ತಾರು ವರ್ಷ. ಎರಡನೆಯ ಸಲ ದೋಸೆ ಬಡಿಸಲು ಬಂದವಳು ಒಮ್ಮೆಲೇ ನಿಂತಳು. ಅವಳ ದೃಷ್ಟಿ ಜಗಲಿಯ ಮೊಳೆಗೆ ನೇತುಹಾಕಿದ್ದ ಚೀಲದ ಮೇಲಿತ್ತು.

"ಇದು ನಮ್ಮ ಡಾಕ್ಟ್ರು ಅಲ್ವಾ?" ಎಂದಳು ತುಳುವಿನಲ್ಲಿ.

"ಯಾವ ಡಾಕ್ಟ್ರು ಅಮ್ಮ?"

"ನಾನು ಚಿಕ್ಕವಳಿರುವಾಗ ಮಣಿಪಾಲದಿಂದ ಆದಿತ್ಯವಾರ ಆದಿತ್ಯವಾರ ಬರ್ತಿದ್ದನಲ್ಲ, ಅವ. ಅಲ್ಲಿ ಊಟ ಸೇರುವುದಿಲ್ಲ ಅಂತ ಮೀನು ತಿನ್ಲಿಕ್ಕೆ ಬರ್ತಿದ್ದ. ಅಣ್ಣನ ಗೆಳೆಯ. ಈ ಹುಬ್ಬು ಮರೀಲಿಕ್ಕುಂಟಾ?"

ಆ ಡಾಕ್ಟ್ರ ವಿಷಯ ನಾನೂ ಕೇಳಿದ್ದೆ. ಚಿಕ್ಕಂದಿನಲ್ಲಿ ನಾವು ಜಾಸ್ತಿ ಮೀನು ಹಾಕಿಸಿಕೊಂಡರೆ "ಡಾಕ್ಟ್ರ ಹಾಗೆ ತಿನ್ನುವುದು ನೋಡು" ಎಂದು ಅಜ್ಜಿ ಬೈಯುತ್ತಿದ್ದಳು. ಅವನು ಮೊದಲ ವರ್ಷದ ಪರೀಕ್ಷೆ ಪಾಸಾಗುವ ಮೊದಲೇ ನಮ್ಮ ಮನೆಯಲ್ಲಿ ಡಾಕ್ಟ್ರಾಗಿದ್ದ. ಎಲ್ಲಿಯವನು, ಏನಾದ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿದೊಡನೆ ಊಟದ ಸಾಲಿನಲ್ಲಿ ಕೋಲಾಹಲವೆದ್ದಿತು. ಪ್ರೊಫೆಸರ್ ಎಂಜಲು ಕೈಯಲ್ಲೇ ಎದ್ದು ನಿಂತರು. ಏನು ಮಾತಾಡುತ್ತಿದ್ದರು? ಏನು ಯೋಚಿಸುತ್ತಿದ್ದರು? ಈ ಸಮುದ್ರದಲ್ಲಿ ಈಜುತ್ತಿದ್ದರಲ್ಲವೇ? ಕೊನೆಯ ಪ್ರಶ್ನೆಯನ್ನು ನಾನು ತುಳುವಿಗೆ ತಂದಾಗ ಅಮ್ಮ ದೋಸೆಯ ಪಾತ್ರೆ ಕೆಳಗಿಟ್ಟು ನಗತೊಡಗಿದಳು.

"ಈಜುವುದಾ? ಅವನಾ? ಮೊಣಕಾಲು ಮುಟ್ಟುವ ಅಲೆ ಬಂದರೆ ಓಡಿ ತೆಂಗಿನಮರ ಹಿಡಿದುಕೊಳ್ತಿದ್ದ!"

ಹಿಂದಿನ ದಿನವಷ್ಟೇ ಸಮುದ್ರದ ಮಗನ ಕತೆ ಕೇಳಿದವಳು ನಾನು. "ಅವರಿಗೆ ಸಮುದ್ರದ ಮೇಲೆ ಬಹಳ ಗೌರವ ಇತ್ತಂತೆ" ಎಂದು ಮೆಲ್ಲಗೆ ಹೇಳಿದೆ. ಆದರೆ ಅಮ್ಮನಿಗೆ ದುಭಾಷಿ ಬೇಕೇ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಕಣ್ಣರಳಿಸಿ, ಎರಡೂ ಕೈ ಬಡಿಯುತ್ತಾ ಮುಳುಗುವವನ ಅಭಿನಯ ಮಾಡಿದಳು, ಆಮೇಲೆ ಜಗಲಿಯ ಕಂಬವನ್ನು ತಬ್ಬಿಕೊಂಡು ನಡುಗಿ ತೋರಿಸಿದಳು. ಜಗತ್ತಿನ ಯಾವ ಭಾಷೆಯವರಿಗಾದರೂ ತಿಳಿಯುವಂತಿತ್ತು.

ಪ್ರೊಫೆಸರ್ ನನ್ನತ್ತ ತಿರುಗಿ, "ಅವರು ಹೇಳಿದ್ದನ್ನು ಪೂರ್ತಿ ಹೇಳಿ" ಎಂದರು. ಹೇಳಿದೆ. ಅವರು ಕೈ ತೊಳೆದು, ಟೋಪಿ ಹಾಕಿಕೊಂಡು, ಒಬ್ಬರೇ ಸಮುದ್ರದ ಕಡೆ ನಡೆದುಹೋದರು.

ಅಮ್ಮನ ಮುಖ ಸಣ್ಣದಾಯಿತು. "ಬೇಸರ ಆಯ್ತಾ ಮಗಾ ಅವರಿಗೆ? ನಾನು ತಮಾಷೆಗೆ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು" ಎಂದಳು. ಆಗ ಆ ಸಪೂರ ಹುಡುಗಿ ಅಮ್ಮನ ಪಕ್ಕಕ್ಕೆ ಬಂದು ಕೂತಳು. ಮೂರು ದಿನಗಳಲ್ಲಿ ಅವಳು ತಾನಾಗಿ ಬಾಯಿ ಬಿಟ್ಟದ್ದು ಆಗಲೇ. "ಕೇಳಿ ಹೇಳಿ, ಆಮೇಲೆ ಅವರು ಈಜು ಕಲಿತದ್ದು ಹೇಗೆ?" ಎಂದು ನನಗೆ ಹೇಳಿದಳು.

"ಅಣ್ಣ ಕಲಿಸಿದ್ದಲ್ವಾ? ಇಲ್ಲಿ ಅಲೆ ಜೋರು ಅಂತ ಹೂಡೆಗೆ ಕರ್ಕೊಂಡು ಹೋಗಿ, ಹೊಳೆಯಲ್ಲಿ" ಎಂದಳು ಅಮ್ಮ.

ಪ್ರೊಫೆಸರ್ ತಿರುಗಿ ಬಂದಾಗ ಅವರ ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ಮುಖದಲ್ಲಿ ಕೋಪವಿರಲಿಲ್ಲ. ಅಮ್ಮ ಹೇಳಿದ್ದನ್ನು ಹುಡುಗಿ ಅವರಿಗೆ ತಿಳಿಸಿದಳು. "ನಿಮ್ಮ ಅಣ್ಣ ಇದ್ದಾರೆಯೇ?" ಎಂಬುದೊಂದೇ ಅವರ ಪ್ರಶ್ನೆ. ಇದ್ದಾನೆ, ಹೂಡೆಯಲ್ಲೇ ಮಗಳ ಮನೆಯಲ್ಲಿದ್ದಾನೆ ಎಂದೆ. ಮರುದಿನದ ಉಡುಪಿಯ ಕಾರ್ಯಕ್ರಮ ಅಲ್ಲಿಯೇ ರದ್ದಾಯಿತು.

ಹೂಡೆಯಲ್ಲಿ ಸಮುದ್ರ ಒಂದು ಕಡೆ, ಹೊಳೆ ಇನ್ನೊಂದು ಕಡೆ, ನಡುವೆ ಮರಳಿನ ಪಟ್ಟಿಯ ಮೇಲೆ ಮನೆಗಳು. ಮಾವನಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಮೈ ಮಾತ್ರ ಒಣಗಿದ ಹಗ್ಗದ ಹಾಗೆ ಗಟ್ಟಿ. ನಾವು ಹೋದಾಗ ಹೊಳೆಯ ಬದಿಯಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ. ಅಷ್ಟು ಜನರನ್ನು ಕಂಡು, "ಎಂತ ಮಗಾ, ಮದುವೆ ದಿಬ್ಬಣವಾ?" ಎಂದ. ನಾನು ಚೀಲದ ಚಿತ್ರ ತೋರಿಸಿದೆ. ಅವನು ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ.

"ಡಾಕ್ಟ್ರು!" ಎಂದ. "ಎಲ್ಲಿದ್ದಾನೆ ಈಗ? ದೊಡ್ಡ ಆಸ್ಪತ್ರೆ ಕಟ್ಟಿಸಿದ್ದಾನಾ?"

ಅವರು ಪ್ರಧಾನಿಯಾಗಿದ್ದರು, ತೀರಿಕೊಂಡು ಬಹಳ ವರ್ಷವಾಯಿತು ಎಂದು ಹೇಳಿದೆ. ಮಾವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರದ ಮೇಲೆ ಮೆತ್ತಿದ ಮರಳು ಒರೆಸಿದ. ಆಮೇಲೆ, "ಒಳ್ಳೆ ಡಾಕ್ಟ್ರಾಗ್ತಿದ್ದ ಮಾರಾಯ್ತಿ. ರಾಜಕೀಯಕ್ಕೆ ಯಾಕೆ ಹೋದ?" ಎಂದ. ಇದನ್ನು ಇಂಗ್ಲಿಷಿಗೆ ತಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರೊಫೆಸರ್.

ಮಾವ ಹೇಳತೊಡಗಿದ. ಕಾಪುವಿನ ಕಡಲ ಬದಿಯಲ್ಲಿ ದೋಣಿ ನೂಕಲು ಕೈ ಸೇರಿಸು ಎಂದು ಕರೆದಾಗ ಈ ಹುಡುಗ ಅಲೆ ಕಂಡು ಓಡಿದನಂತೆ. ದ್ವೀಪದವನು ಎಂದು ಕೇಳಿ ಮಾವನ ಜೊತೆಯವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ಅಂದು ಸಂಜೆ ಬಸ್ಸಿಗೆ ಕಾಯುವಾಗ ಹುಡುಗ ಹರಕು ಮುರುಕು ಕನ್ನಡದಲ್ಲಿ, ತನ್ನ ಅಪ್ಪ ದೋಣಿ ಮಗುಚಿ ಸತ್ತದ್ದು, ಆಮೇಲೆ ಅಮ್ಮ ತನ್ನನ್ನು ನೀರಿನ ಹತ್ತಿರವೇ ಬಿಡದೆ ಬೆಳೆಸಿದ್ದು, ಎಲ್ಲ ಹೇಳಿದ.

"ಅದು ಕೇಳಿ ನಂಗೆ ಹೇಗೋ ಆಯ್ತು. ನಕ್ಕವರಲ್ಲಿ ನಾನೇ ಮೊದಲಿನವ ಅಲ್ವಾ? ಬರುವ ವಾರ ಬಾ, ಕಲಿಸ್ತೇನೆ ಅಂದೆ. ನಮ್ಮ ಅತ್ತೆ ಮನೆ ಇಲ್ಲಿ ಹೂಡೆಯಲ್ಲೇ ಇತ್ತು. ಮಳೆಗಾಲ ಕಳೆದ ಮೇಲೆ ಶುರು ಮಾಡಿ ಶಿವರಾತ್ರಿ ಬರುವಾಗ ಹೊಳೆ ದಾಟಿದ. ದಾಟಿ ಆಚೆ ದಡದಲ್ಲಿ ಕೂತು ಅತ್ತ. ನಾನು ಇಲ್ಲಿಂದ ಕೂಗಿದೆ, ಅಳುವುದು ಆಮೇಲೆ, ವಾಪಸು ಬರ್ಲಿಕ್ಕುಂಟು ಅಂತ."

ಅಪ್ಪ ದೋಣಿ ಮಗುಚಿ ಸತ್ತದ್ದು ಪ್ರೊಫೆಸರಿಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಅವರು ಮಾವನ ಪಕ್ಕ ಮರಳಿನಲ್ಲೇ ಕೂತು, ತಾವೇ ನಿಧಾನವಾಗಿ ಆ ಕಡಲ್ಗಾಲುವೆಯ ಕತೆ ಹೇಳಿದರು. ನಾನು ವಾಕ್ಯ ವಾಕ್ಯವಾಗಿ ತುಳುವಿಗೆ ತಂದೆ. ಕಾರ್ಕಳದಲ್ಲಿ ಹೇಳಿದಾಗಿನ ಅಬ್ಬರ ಈಗ ಇರಲಿಲ್ಲ. ನಾಯಕರು ನೀರಿಗಿಳಿದರು ಎನ್ನುವಲ್ಲಿ ಮಾವ ಬಲೆಯ ದಾರ ಬಿಟ್ಟು ಕೈ ಎತ್ತಿದ.

"ಎಷ್ಟು ಅಗಲ?"

ಪ್ರೊಫೆಸರ್ ಹೊಳೆಯತ್ತ ನೋಡಿ, ಇಂಥ ಬಹಳ ಹೊಳೆಗಳಷ್ಟು ಎಂದರು.

"ಭರತ ಇತ್ತಾ, ಇಳಿತವಾ? ನೀರು ಯಾವ ಕಡೆಗೆ ಎಳೀತಿತ್ತು?"

ಪ್ರೊಫೆಸರಿಗೆ ಗೊತ್ತಿರಲಿಲ್ಲ. ಅವರ ಯಾವ ಪಾಠದಲ್ಲೂ ಅದು ಬಂದಿರಲಿಲ್ಲ.

"ಇಳಿತ ಇದ್ದರೆ ಎದುರಿಗೆ ಈಜಬಾರದು, ಓರೆಗೆ ಹೋಗಬೇಕು ಅಂತ ನಾನು ಹೇಳಿಕೊಟ್ಟಿದ್ದೆ. ನೆನಪಿಟ್ಟಿದ್ದನಾ ಇಲ್ವಾ..." ಆ ಹುಡುಗ ಈಗಲೂ ನೀರಿನಲ್ಲೇ ಇದ್ದಾನೆ ಎಂಬಂತೆ ಮಾವನ ಕಣ್ಣು ಹೊಳೆಯ ಮೇಲೆ ಹುಡುಕಾಡಿತು. "ತಲುಪಿದನಲ್ಲ?"

"ತಲುಪಿದ್ರು ಮಾವ. ಒದ್ದೆ ಬಟ್ಟೆಯಲ್ಲೇ ಭಾಷಣ ಮಾಡಿದ್ರಂತೆ."

ಮಾವ ದೊಡ್ಡದಾಗಿ ಉಸಿರು ಬಿಟ್ಟ. ಪ್ರೊಫೆಸರ್ ಅವನ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದುಕೊಂಡರು. ಆ ಹೊತ್ತಿಗೆ ನನ್ನ ಕೆಲಸವಿರಲಿಲ್ಲ. ಸುಮ್ಮನೆ ಹಿಂದೆ ಸರಿದು ನಿಂತೆ.

ಆಮೇಲೆ ಆದದ್ದು ಯಾರೂ ಯೋಚಿಸಿದ್ದಲ್ಲ. ಸಪೂರ ಹುಡುಗಿ ಮುಂದೆ ಬಂದು, ತನಗೂ ಈಜು ಬರುವುದಿಲ್ಲ ಎಂದಳು. ಪ್ರತಿ ವರ್ಷ ಆ ದಿನ ಬಂದಾಗ ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿಯುತ್ತಿದ್ದಳಂತೆ. ಆ ನಾಯಕರ ದೇಶದಲ್ಲಿ ನೀರಿಗೆ ಹೆದರುವವಳು ತಾನೊಬ್ಬಳೇ ಎಂದು ತಿಳಿದುಕೊಂಡಿದ್ದಳಂತೆ. "ಅವರಿಗೆ ಕಲಿಸಿದ ಹಾಗೆಯೇ ನನಗೂ ಕಲಿಸುತ್ತಾರಾ ಕೇಳಿ" ಎಂದಳು.

ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿ, ಮಗಳಿಗೆ ಕೂಗಿ ಎರಡು ಒಣ ತೆಂಗಿನಕಾಯಿ ತರಿಸಿದ. ಎರಡರ ಸಿಪ್ಪೆಯಿಂದಲೂ ಒಂದೊಂದು ಎಳೆ ಎಬ್ಬಿಸಿ, ಅವನ್ನೇ ಸೇರಿಸಿ ಗಂಟು ಹಾಕಿದ. ಕಾಯಿಗಳು ಎರಡು ಬದಿಗೆ ಬರುವಂತೆ ಆ ಗಂಟಿನ ಮೇಲೆ ಎದೆಯಿಟ್ಟು ಮಲಗಬೇಕು, ಕಾಯಿ ನಿನ್ನನ್ನು ಮುಳುಗಲು ಬಿಡುವುದಿಲ್ಲ ಎಂದು ತೋರಿಸಿದ. ನಮ್ಮ ಕಡೆಯ ಗಂಡುಮಕ್ಕಳೆಲ್ಲ ಹಾಗೆಯೇ ಕಲಿತವರು.

ಚಾಲಕ ಇದನ್ನೆಲ್ಲ ಬಹಳ ಆಸಕ್ತಿಯಿಂದ ನೋಡುತ್ತಿದ್ದ. "ನಾವು ಬಾವ್ಯಾಗ ಕಲತವ್ರರೀ ಅಕ್ಕಾರ. ಬೆನ್ನಿಗೆ ಸೋರೆ ಬುರುಡಿ ಕಟ್ಟಿ ಮ್ಯಾಲಿಂದ ದಬ್ಬತಿದ್ರು. ಇವರದು ಚಲೋ ಐತಿ, ದಬ್ಬಂಗಿಲ್ಲ" ಎಂದ. ಅವನೂ ಅಂಗಿ ಕಳಚಿಟ್ಟು ನೀರಿಗಿಳಿದು, ಹುಡುಗಿ ಹೆಚ್ಚು ಆಳಕ್ಕೆ ಹೋಗದಂತೆ ಅಡ್ಡ ನಿಂತ.

ಮೊದಲು ಹುಡುಗಿ ಕಾಯಿಗಳನ್ನು ಬಿಗಿಯಾಗಿ ಹಿಡಿದು ಕಿರುಚಿದಳು. ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದ ಮಾವ, "ಕಾಲು! ಕಾಲು ಬಡಿ!" ಎಂದು ತುಳುವಿನಲ್ಲಿ ಕೂಗುತ್ತಿದ್ದ. ನಾನು ದಡದಿಂದ ಅದನ್ನೇ ಇಂಗ್ಲಿಷಿನಲ್ಲಿ ಕೂಗುತ್ತಿದ್ದೆ. ದಡದಲ್ಲಿದ್ದ ಹದಿನಾಲ್ಕು ಹದಿನೈದು ಮಂದಿ ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಕೊನೆಗೆ ಅವಳ ಕಾಲು ನೆಲ ಬಿಟ್ಟಿತು, ಮೈ ತೇಲಿತು, ಬಾತುಕೋಳಿಯಂತೆ ಮುಂದೆ ಸಾಗಿತು. ಅವಳು ಗಟ್ಟಿಯಾಗಿ ನಕ್ಕಳು. ಆ ನಗುವಿನ ಸದ್ದು ನಾವು ಮೊದಲ ಸಲ ಕೇಳಿದ್ದು.

ಪ್ರೊಫೆಸರ್ ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು. ಸೀಟಿಯನ್ನೂ ಕೊಟ್ಟರು.

"ಇನ್ನೆರಡು ಕಾಯಿ ಸಿಗಬಹುದೇ?" ಎಂದು ಕೇಳಿದರು.

"ನಿಮಗೂ...?"

"ಮೂವತ್ತು ವರ್ಷದಿಂದ ಮಕ್ಕಳನ್ನು ನೀರಿಗಿಳಿಸಿ ದಡದಲ್ಲಿ ಸೀಟಿ ಊದಿದ್ದೇನೆ" ಎಂದರು ಅವರು. "ಯಾರೂ ನನ್ನನ್ನು ಇಳಿಯಿರಿ ಎಂದು ಕರೆಯಲಿಲ್ಲ, ಪುಣ್ಯ."

ಅವರು ನೀರಿಗಿಳಿದಾಗ ವಿದ್ಯಾರ್ಥಿಗಳು ಎಬ್ಬಿಸಿದ ಗದ್ದಲಕ್ಕೆ ಆಚೆ ದಡದ ಕೊಕ್ಕರೆಗಳು ಹಾರಿಹೋದವು. ಮಾವ ಅವರಿಗೆ ರಿಯಾಯಿತಿ ತೋರಿಸಲಿಲ್ಲ. "ಟೀಚರಮ್ಮನಿಗೆ ಹೇಳು, ತಲೆ ಮೇಲೆ, ಹೊಟ್ಟೆ ಕೆಳಗೆ. ಭಾಷಣ ಆಮೇಲೆ" ಎಂದು ನನಗೆ ಅಪ್ಪಣೆ ಮಾಡಿದ. ಅಂದು ಅವರು ತೇಲಿದ್ದು ಸ್ವಲ್ಪವೇ ದೂರ. ಎರಡು ಸಲ ನೀರು ಕುಡಿದರು. ಮೇಲೆ ಬಂದು ಟವೆಲು ಹೊದ್ದು ಕೂತು, ಮಾವನ ಮಗಳು ಕೊಟ್ಟ ಚಹಾವನ್ನು ಎರಡು ಲೋಟ ಕುಡಿದು, ಪುನಃ ಇಳಿದರು.

ಕೊನೆಯ ದಿನ ಮಣಿಪಾಲದ ಸಭಾಂಗಣದಲ್ಲಿ ಸಮಾರೋಪ. ಪ್ರೊಫೆಸರ್ ಸಮುದ್ರದ ಮಗ ಎಂಬ ವಿಷಯದ ಮೇಲೆ ಓದಬೇಕಿದ್ದ ಪ್ರಬಂಧವನ್ನು ಓದಲಿಲ್ಲ. ಮಾವನನ್ನು ವೇದಿಕೆಗೆ ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಪಂಚೆ ಉಟ್ಟು ಬಂದ ಮಾವ ಮೈಕಿನ ಮುಂದೆ ನಿಂತು, "ಅವ ಒಳ್ಳೆ ಹುಡುಗ. ಹೆದರಿಕೆ ಇತ್ತು, ಆದರೂ ಪ್ರತಿ ವಾರ ಬಂದ" ಎಂದಷ್ಟೇ ಹೇಳಿ ಕೂತುಬಿಟ್ಟ. ನಾನು ಅನುವಾದಿಸಿ ಮುಗಿಸುವ ಮೊದಲೇ ಚಪ್ಪಾಳೆ ಶುರುವಾಗಿತ್ತು. ಎದುರು ಸಾಲಿನಲ್ಲಿದ್ದ ಅಮ್ಮ ಪಕ್ಕದವರಿಗೆಲ್ಲ, "ನನ್ನ ಅಣ್ಣ" ಎಂದು ಹೇಳುತ್ತಿದ್ದಳು.

ಅವರು ಹೋದ ಮೇಲೆ ಕೆಲವು ತಿಂಗಳಿಗೆ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಅವರ ದೇಶದ ಆ ವಾರ್ಷಿಕ ಈಜಿನ ದಿನ. ಸಪೂರ ಹುಡುಗಿ ಎಲ್ಲರಿಗಿಂತ ಹಿಂದೆ, ಆದರೆ ತೆಂಗಿನಕಾಯಿಯ ಹಂಗಿಲ್ಲದೆ ಈಜಿಕೊಂಡು ದಡ ಸೇರುತ್ತಾಳೆ. ಪ್ರೊಫೆಸರ್ ಮೊಣಕಾಲಿನ ನೀರಿನಲ್ಲಿ ನಿಂತು ಅವಳಿಗೆ ಕೈ ಚಾಚುತ್ತಾರೆ. ಈ ವರ್ಷದಿಂದ ಅಲ್ಲಿನ ಪಾಠದಲ್ಲಿ, ನಾಯಕರು ಈಜು ಕಲಿತದ್ದು ಪರದೇಶದ ಒಂದು ಹೊಳೆಯಲ್ಲಿ ಎಂಬ ವಾಕ್ಯ ಸೇರಿಸಲು ಕೇಳಿಕೊಂಡಿದ್ದೇನೆ ಎಂದೂ ಪ್ರೊಫೆಸರ್ ಬರೆದಿದ್ದರು. ಮಾವನಿಗೆ ತೋರಿಸಿದೆ. ವಿಡಿಯೋವನ್ನು ಮೂರು ನಾಲ್ಕು ಸಲ ನೋಡಿ, "ಹುಡುಗಿಯ ಎಡಗೈ ಸರಿ ಇಲ್ಲ. ಬರೆದು ಕಳಿಸು" ಎಂದ.

ಈಗ ಆದಿತ್ಯವಾರಗಳಲ್ಲಿ ಹೂಡೆಯಲ್ಲಿ ಸಣ್ಣ ಶಾಲೆಯೇ ನಡೆಯುತ್ತಿದೆ. ಶುರುವಾದದ್ದು ಚಾಲಕನಿಂದ. ಅವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು, "ಕಡಲಿನ ಊರಾಗ ಇದ್ದು ಈಸಾಕ ಬರಲಿಲ್ಲಂದ್ರ ಹೆಂಗ್ರೀ ಅಜ್ಜಾರ?" ಎಂದು ಕೇಳಿದ. ಆಮೇಲೆ ಅವನ ಬೀದಿಯ ಮಕ್ಕಳೂ ಬಂದರು. ಮಾವನ ಮಾತು ಆ ಮಕ್ಕಳಿಗೆ ಅರ್ಧ ತಿಳಿಯುವುದಿಲ್ಲ, ಮಕ್ಕಳ ಮಾತು ಮಾವನಿಗೆ ಅರ್ಧ ಕೇಳುವುದಿಲ್ಲ. ಆದ್ದರಿಂದ ನಾನೂ ಕುಕ್ಕುಂದೂರಿನಿಂದ ಬಸ್ಸು ಹತ್ತಿ ಹೋಗುತ್ತೇನೆ.

ಕಾಪುವಿನಲ್ಲಿ ಹುಟ್ಟಿದರೂ ನನಗೆ ಯಾರೂ ಈಜು ಕಲಿಸಿರಲಿಲ್ಲ. ಗಂಡುಮಕ್ಕಳು ನೀರಿನಲ್ಲಿರುವಾಗ ನಾವು ಹೆಣ್ಣುಮಕ್ಕಳು ಮರಳಿನಲ್ಲಿ ಕೂತು ಅವರ ಬಟ್ಟೆ ಕಾಯುವವರು. ಮಳೆ ನಿಂತು ಹೊಳೆಯ ನೀರು ತಿಳಿಯಾದ ಮೇಲಿನ ಒಂದು ಬೆಳಿಗ್ಗೆ, ದಡದಿಂದ "ಕಾಲು ಬಡಿ" ಎಂದು ಕೂಗುತ್ತಿದ್ದ ನನಗೆ ಮಾವ ನೀರಿನಿಂದಲೇ, "ಅಲ್ಲಿಂದ ಎಂತ ಕೂಗ್ತಿ? ಇಳಿ ಮಗಾ" ಎಂದ. ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಇಳಿದೆ. ನೀರು ಬಹಳ ತಣ್ಣಗಿತ್ತು. ಚಾಲಕನ ಚಿಕ್ಕ ಮಗಳು ನನ್ನ ಪಕ್ಕದಲ್ಲೇ ಕಾಲು ಬಡಿದು ನನ್ನ ಮುಖಕ್ಕೆಲ್ಲ ನೀರೆರಚಿ, "ಹೆದರಬ್ಯಾಡ್ರೀ ಟೀಚರ್, ನಾ ಅದೀನಿ" ಎಂದಳು.